ಹಳೇ ಈಕ್ವಲೈಜರ್ ಜೋಡಿಸುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಗುಂಪಿನಲ್ಲಿ ಈ ವಾರ ಗ್ರಾಫಿಕ್ ಈಕ್ವಲೈಜರ್ (ದಪ್ಪ, ಸಣ್ಣ ಸ್ವರಗಳನ್ನು ಬೇರೆ ಬೇರೆ ಸ್ಲೈಡರ್‌ಗಳಿಂದ ಏರಿಳಿಸುವ ಸಾಧನ) ಜೋಡಿಸುವ ಪ್ರಶ್ನೆಗಳೇ ಜಾಸ್ತಿ. ಅದಕ್ಕೆ ಒಂದೇ ಕಡೆ ಬರೆಯುತ್ತಿದ್ದೇನೆ.

ಆಂಪ್ಲಿಫೈಯರ್ ಹಿಂದೆ ಟೇಪ್ ಮಾನಿಟರ್ (ದನಿಯನ್ನು ಹೊರಗಿನ ಸಾಧನಕ್ಕೆ ಕಳಿಸಿ ವಾಪಸ್ ಪಡೆಯುವ ಸಾಕೆಟ್‌ಗಳು) ಇದ್ದರೆ ಅದೇ ಸರಿಯಾದ ಜಾಗ. ಟೇಪ್ ಔಟ್‌ನಿಂದ ಈಕ್ವಲೈಜರಿನ ಇನ್‌ಗೆ, ಅದರ ಔಟ್‌ನಿಂದ ಟೇಪ್ ಇನ್‌ಗೆ ಆರ್‌ಸಿಎ ವೈರ್ ಹಾಕಿ. ಆಮೇಲೆ ಮುಂದಿರುವ ಟೇಪ್ ಮಾನಿಟರ್ ಸ್ವಿಚ್ ಒತ್ತಿ. ಅದನ್ನು ಒತ್ತದೆ "ಏನೂ ವ್ಯತ್ಯಾಸ ಇಲ್ಲ ಸರ್" ಅನ್ನುವವರೇ ಹೆಚ್ಚು! ಟೇಪ್ ಮಾನಿಟರ್ ಇಲ್ಲವೇ? ಆಂಪ್ಲಿಫೈಯರಿನ ಪ್ರಿ ಔಟ್ (ಮೊದಲ ಹಂತದ ದನಿ ಹೊರಬರುವ ಸಾಕೆಟ್) ಮತ್ತು ಮೇನ್ ಇನ್ (ಪವರ್ ಹಂತಕ್ಕೆ ಒಳಹೋಗುವ ಸಾಕೆಟ್) ನಡುವೆ ಕೂರಿಸಿ. ಸ್ಪೀಕರ್ ವೈರ್ ಮಾತ್ರ ಇದಕ್ಕೆ ಕೊಡಬೇಡಿ, ಸುಟ್ಟುಹೋದೀತು. ಗ್ರಾಮಫೋನ್ ಪ್ಲೇಯರ್ ಕೂಡ ನೇರವಾಗಿ ಬೇಡ, ಫೋನೋ ಪ್ರಿಆಂಪ್ (ಪ್ಲೇಯರಿನ ಸಣ್ಣ ದನಿಯನ್ನು ಏರಿಸುವ ಸಾಧನ) ದಾಟಿಯೇ ಬರಲಿ.

ಕಂಪನಿ ನಾಟಕದ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವವರು ಆಡಿಯೋ ಇಂಟರ್‌ಫೇಸಿನ (ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ಲೈನ್ ಇನ್ ಬಳಸಿ, ಮೈಕ್ ಇನ್ ಅಲ್ಲ. ಮನೆ ಸೆಟ್‌ಗಳ ದನಿಯ ಮಟ್ಟ -10 ಡಿಬಿವಿ, ಸ್ಟುಡಿಯೋದ್ದು +4 ಡಿಬಿಯು. ಎರಡರ ಅಳತೆಯ ಮಾನ ಬೇರೆ, ಹಾಗಾಗಿ 14 ಅಲ್ಲ, ಸುಮಾರು 12 ಡೆಸಿಬೆಲ್ ವ್ಯತ್ಯಾಸ. ಹಾಗಾಗಿ ದನಿ ಸಣ್ಣಗೆ ಬಂದರೆ ಗಾಬರಿ ಬೇಡ, ಗೇನ್ ಏರಿಸಿ. ನನ್ನ ಪ್ರಕಾರ ರೆಕಾರ್ಡಿಂಗ್ ವೇಳೆ ಈಕ್ವಲೈಜರ್ ಬೈಪಾಸ್‌ನಲ್ಲೇ (ದನಿಯನ್ನು ತಿದ್ದದೆ ಹಾಗೇ ಬಿಡುವ ಸ್ಥಿತಿ) ಇರಲಿ. ತಿದ್ದುವುದು ಆಮೇಲೂ ಆಗುತ್ತದೆ, ಅಲ್ವಾ?

ಜಪಾನ್ ಪೇಟೆಗೆ ಮಾಡಿದ ಸೆಟ್ಟು 100 ವೋಲ್ಟ್, ಅಮೆರಿಕದ್ದು 120. ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಚುಚ್ಚಬೇಡಿ. ಸ್ಲೈಡರ್ ಕರಕರ ಅಂದರೆ ಹೆಚ್ಚಾಗಿ ಧೂಳು. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೇಲೆ ಕೆಳಗೆ ಆಡಿಸಿ.

ಪ್ರಶ್ನೆ ಕೇಳುವಾಗ ಸೆಟ್ಟಿನ ಹಿಂಬದಿಯ ಫೋಟೋ ಹಾಕಿ. ಮುಂಭಾಗದ ದೀಪಗಳು ಚೆಂದವೇ, ಆದರೆ ಅದರಿಂದ ನಮಗೇನೂ ಗೊತ್ತಾಗಲ್ಲ.