ಭಾನುವಾರದ ಓದಿಗೆ: ಕೀನ್ ಸಾಹುಕಾರನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಅಮೆರಿಕದ ಬಾಸ್ಟನ್ನಿನ ವ್ಯಾಪಾರಿ ರಾಬರ್ಟ್ ಕೀನ್ ಬರೆದ ಉಯಿಲನ್ನು ಓದೋಣ. 1653ರಲ್ಲಿ ಶುರು ಮಾಡಿದ್ದು, ಕೈಬರಹದಲ್ಲಿ 158 ಪುಟ! ಪೂರ್ತಿ ಬೇಡ, ಅಂಗಡಿ ಮತ್ತು ಲೆಕ್ಕದ ಪುಸ್ತಕಗಳ ಬಗ್ಗೆ ಬರೆದ ಭಾಗ ಸಾಕು.

ಹಿನ್ನೆಲೆ ಇಷ್ಟು. 1639ರಲ್ಲಿ, ಜಾಸ್ತಿ ಬೆಲೆಗೆ ಮಾರಿದ ಅಂತ ಇವನಿಗೆ 200 ಪೌಂಡ್ ದಂಡ ಬಿತ್ತು. ಆಮೇಲೆ ಅದು 80ಕ್ಕೆ ಇಳಿಯಿತು. ಚರ್ಚಿನಲ್ಲೂ ಎಲ್ಲರ ಮುಂದೆ ಛೀಮಾರಿ. ಆ ನೋವು ಸಾಯೋವರೆಗೂ ಆರಲಿಲ್ಲ.

ಮೊಳೆಯ ಪ್ರಸಂಗವನ್ನು ಮಾತ್ರ ದಯವಿಟ್ಟು ನಿಧಾನವಾಗಿ ಓದಿ. ಲೆಕ್ಕದ ಪುಸ್ತಕದಲ್ಲಿ ಮೊಳೆಯ ದರ ತಿದ್ದಿದ್ದಾನೆ ಅನ್ನೋದು ಆರೋಪ. ಗಿರಾಕಿ ಮೊದಲು ಸಣ್ಣ ಮೊಳೆ ಒಯ್ದಿದ್ದ, ವಾಪಸ್ ಕೊಟ್ಟು ದೊಡ್ಡದು ತಗೊಂಡ, ಅದಕ್ಕೇ ಅಂಕಿ ಬದಲಿಸಿದೆ ಅನ್ನೋದು ಕೀನ್ ಉತ್ತರ. ಹೊಸ ಸಾಲು ಬರೆಯದೆ ಹಳೆಯದನ್ನೇ ತಿದ್ದಿದ, ಅಷ್ಟೇ. ಅಂಗಡಿಯಲ್ಲಿ ಕೂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ, ಅಲ್ವಾ? ನನಗಂತೂ ಅವನ ಮಾತು ನಿಜ ಅನ್ನಿಸುತ್ತೆ.

ಓದುವಾಗ ನೆನಪಿರಲಿ: 12 ಪೆನ್ಸಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಆಗ ನಾಣ್ಯದ ಅಭಾವ. ಎಷ್ಟೋ ವ್ಯವಹಾರ ಪುಸ್ತಕದಲ್ಲೇ ಬರೆದಿಟ್ಟು, ದವಸ, ದನ ಕೊಟ್ಟು ಚುಕ್ತಾ ಆಗುತ್ತಿತ್ತು. ಹಾಗಾಗಿ ಪುಸ್ತಕದ ಮೇಲೆ ಅನುಮಾನ ಬಂದರೆ ಮನುಷ್ಯನ ಮೇಲೇ ಬಂದ ಹಾಗೆ.

ಇದೇ ಕೀನ್ ಬಾಸ್ಟನ್ನಿಗೆ ಟೌನ್ ಹೌಸ್ (ಊರಿನ ಸಾರ್ವಜನಿಕ ಕಟ್ಟಡ) ಕಟ್ಟಲು 300 ಪೌಂಡ್ ಬಿಟ್ಟುಹೋದ. ಆ ಪುಟವನ್ನೂ ನೋಡಿಕೊಂಡು ಬನ್ನಿ.

ಮನೆಯಲ್ಲಿ ಅಜ್ಜ, ಮುತ್ತಜ್ಜನ ಕಾಲದ ಲೆಕ್ಕದ ಪುಸ್ತಕ ಇದ್ದರೆ ಜೊತೆಗೆ ತನ್ನಿ.