ಲೈಬ್ರರಿ ಸಾಫ್ಟ್‌ವೇರು, ಒಂದು ಡಾಂಗಲ್ಲು, ನಾವು ತೀರಿಸದ ಮುಯ್ಯಿ

ಮಾನ್ಯ ಸಂಪಾದಕರೆ,

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂತು, ಎಲ್ಲ ಡಿಜಿಟಲ್ ಆಯಿತು ಅಂತ ಆಗಾಗ ಪತ್ರಿಕೆಯಲ್ಲಿ ಫೋಟೊ ಸಮೇತ ಸುದ್ದಿ ಬರುತ್ತದೆ. ರಿಬ್ಬನ್ ಕತ್ತರಿಸುವವರ ಹಿಂದೆ ಹೊಸ ಮಾನಿಟರ್‌ಗಳು ಸಾಲಾಗಿ ಕೂತಿರುತ್ತವೆ. ನನಗೆ ಆ ಫೋಟೊ ನೋಡಿದಾಗಲೆಲ್ಲ ಒಂದೇ ಯೋಚನೆ: ಒಳಗೆ ಯಾವ ಸಾಫ್ಟ್‌ವೇರ್ ಹಾಕಿದ್ದಾರೆ, ಅದನ್ನು ಕೊಟ್ಟವರು ನಾಳೆ ಅಂಗಡಿ ಮುಚ್ಚಿದರೆ ಪುಸ್ತಕದ ಪಟ್ಟಿ ಯಾರ ಹತ್ತಿರ ಉಳಿಯುತ್ತದೆ? ಸುಮ್ನೆ ಕೇಳುತ್ತಿಲ್ಲ, ನನಗೆ ಏಟು ಬಿದ್ದಿದೆ.

ನಾನು ಮಂಡ್ಯ ಜಿಲ್ಲೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದವನು. ನಿವೃತ್ತಿಯಾಗಿ ಈಗ ಮೈಸೂರಿನಲ್ಲಿದ್ದೇನೆ. ಕಾಲೇಜುಗಳನ್ನು ಅಳೆದು ಗ್ರೇಡ್ ಕೊಡುವ ನ್ಯಾಕ್ ಸಮಿತಿ ಬರುತ್ತದೆ ಅಂದ ವರ್ಷ ನಮ್ಮ ಕಾಲೇಜಿಗೂ ಲೈಬ್ರರಿ ಇದೆ ಅನ್ನುವುದು ನೆನಪಾಯಿತು. ಸಾಫ್ಟ್‌ವೇರ್ ಹೆಸರೇನು, ಯಾವ ವರ್ಷನ್, ಪೂರ್ತಿ ಕಂಪ್ಯೂಟರ್‌ಗೆ ಹತ್ತಿಸಿದ್ದೀರಾ ಅರ್ಧ ಹತ್ತಿಸಿದ್ದೀರಾ ಅಂತೆಲ್ಲ ವರದಿಯಲ್ಲಿ ಬರೆಯಬೇಕು ನೋಡಿ. ಮೂರು ಕೊಟೇಷನ್ ತರಿಸಿದೆವು, ಕಡಿಮೆಯದ್ದನ್ನು ತೆಗೆದುಕೊಂಡೆವು. ಬಂದದ್ದು ಒಂದು ಸಿ.ಡಿ., ಜೊತೆಗೆ ಪೆನ್‌ಡ್ರೈವ್ ತರದ್ದೊಂದು ಡಾಂಗಲ್. ಅದನ್ನು ಸಿಕ್ಕಿಸಿದರಷ್ಟೇ ಸಾಫ್ಟ್‌ವೇರ್ ತೆರೆಯುವುದು. ದಿನಾ ಸಂಜೆ ಅದನ್ನು ಕಿತ್ತು, ಒಡವೆ ತರ ಬೀರುವಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗುತ್ತಿದ್ದೆ. ನಾನೂ ಇಬ್ಬರು ಸಹಾಯಕರೂ ಎರಡು ಬೇಸಿಗೆ ರಜೆ ಕೂತು ಸುಮಾರು 18 ಸಾವಿರ ಪುಸ್ತಕ ಟೈಪ್ ಮಾಡಿದೆವು.

ಐದಾರು ವರ್ಷ ಚೆನ್ನಾಗಿಯೇ ನಡೆಯಿತು, ವರ್ಷಾ ವರ್ಷಾ ಎ.ಎಂ.ಸಿ. ಅಂತ ನಿರ್ವಹಣೆಯ ದುಡ್ಡು ಕಟ್ಟುತ್ತಿದ್ದೆವು. ಆಮೇಲೆ ಕಂಪನಿಯಲ್ಲಿ ಫೋನ್ ಎತ್ತುವವರೇ ಇಲ್ಲ. ವಿಂಡೋಸ್ ಬದಲಾಯಿತು, ಹೊಸ ಕಂಪ್ಯೂಟರಿನಲ್ಲಿ ಆ ಸಾಫ್ಟ್‌ವೇರ್ ಏಳಲೇ ಇಲ್ಲ. ಹಳೆಯ ಮಷೀನನ್ನೇ ಜೋಪಾನ ಮಾಡಿಕೊಂಡು ತಳ್ಳುತ್ತಿದ್ದೆವು, ಒಂದು ಮಳೆಗಾಲದ ಮಧ್ಯಾಹ್ನ ಸಿಡಿಲು ಹೊಡೆದು ಅದೂ ಹೋಯಿತು, ಸಿಕ್ಕಿಸಿದ್ದ ಡಾಂಗಲ್ಲೂ ಹೋಯಿತು. ಡೇಟಾ ಬೇರೆ ಡಿಸ್ಕ್‌ನಲ್ಲಿ ಇತ್ತು. ಇದ್ದು ಏನು ಪ್ರಯೋಜನ? ಅದಕ್ಕೆ ಪಾಸ್‌ವರ್ಡ್, ಆ ಪಾಸ್‌ವರ್ಡ್ ಕಂಪನಿಯವರ ಹತ್ತಿರ. ಪೇಟೆಯ ಕಂಪ್ಯೂಟರ್ ಅಂಗಡಿಯವರೊಬ್ಬರು ಹೇಗೋ ಸ್ವಲ್ಪ ಬಿಡಿಸಿಕೊಟ್ಟರು. ಕನ್ನಡ ಪುಸ್ತಕಗಳ ಜಾಗದಲ್ಲೆಲ್ಲ ಕೊಂಬು ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳು! ನಾವು ಟೈಪ್ ಮಾಡಿದ್ದು ಹಳೇ ಕಾಲದ ಫಾಂಟ್‌ನಲ್ಲಿ, ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವೇ ಅಲ್ಲ. ಕೊನೆಗೆ ನಮ್ಮ ಮಾನ ಉಳಿಸಿದ್ದು ಬಂದ ಪುಸ್ತಕಕ್ಕೆಲ್ಲ ನಂಬರ್ ಕೊಟ್ಟು ಬರೆದಿಡುವ ಕೈಬರಹದ ಅಕ್ಸೆಶನ್ ರಿಜಿಸ್ಟರ್, ಕೆಂಪು ಬೈಂಡಿನ ಏಳು ಪುಸ್ತಕ. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ.

ಆಗ ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಬಂದು 'ಕೋಹಾ ಹಾಕೋಣ ಸರ್, ದುಡ್ಡು ಬೇಡ' ಅಂದ. ಕೋಹಾ ಅಂದರೆ ಲೈಬ್ರರಿ ನಡೆಸುವ ಇನ್ನೊಂದು ಸಾಫ್ಟ್‌ವೇರ್. ಪುಕ್ಕಟೆ ಅಂದ ಕೂಡಲೇ ನನಗೆ ಅನುಮಾನ. ದುಡ್ಡು ಕೊಟ್ಟದ್ದೇ ಹೀಗೆ ಕೈ ಕೊಟ್ಟಿರುವಾಗ ಕೊಡದೇ ಬಂದದ್ದು ಎಷ್ಟು ದಿನ ಬಾಳೀತು? ಆದರೂ ಬೇರೆ ದಾರಿ ಇರಲಿಲ್ಲವಲ್ಲ, ಆಯಿತು ಅಂದೆ. ಒಂದು ಹಳೇ ಡೆಸ್ಕ್‌ಟಾಪ್‌ಗೆ ರ್‍ಯಾಮ್ ಜಾಸ್ತಿ ಮಾಡಿಸಿ, ವಿಂಡೋಸ್ ಬದಲು ಲಿನಕ್ಸ್ ಹಾಕಿ, ಎರಡು ಭಾನುವಾರದಲ್ಲಿ ನಿಲ್ಲಿಸಿಕೊಟ್ಟ.

ಈ ಕೋಹಾ ಹುಟ್ಟಿದ ಕಥೆ ಓದಿದ ಮೇಲೆ ನನ್ನ ಅನುಮಾನ ಕರಗಿತು. ನ್ಯೂಜಿಲೆಂಡಿನಲ್ಲಿ ಹೊರೊವೆನುವ ಅಂತ ಒಂದು ಸಣ್ಣ ಜಿಲ್ಲೆ, ನಮ್ಮ ಒಂದು ಹೋಬಳಿಯಷ್ಟು ಜನ ಇರಬಹುದು. 1999ರಲ್ಲಿ ಅಲ್ಲಿನ ಲೈಬ್ರರಿಗೂ ನಮ್ಮ ತರದ್ದೇ ಸಂಕಟ. ಹಳೇ ಸಾಫ್ಟ್‌ವೇರ್ 2000ನೇ ಇಸವಿ ದಾಟುವುದಿಲ್ಲ ಅಂತಾಯಿತು. ವೈ-ಟು-ಕೆ ಅಂತ ಆಗ ಎಲ್ಲರೂ ಹೆದರಿದ್ದೆವು, ನೆನಪಿದೆಯಾ? ಅವರು ಅಲ್ಲಿಯದೇ ಒಂದು ಸಣ್ಣ ಕಂಪನಿ ಕೈಲಿ ಹೊಸದು ಬರೆಸಿದರು. 2000ದ ಜನವರಿ ಮೊದಲ ವಾರದಲ್ಲೇ ಬಳಸಲು ಶುರು ಮಾಡಿದರು. ಬರೆಸಿದ್ದನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಅಂತ ಜಿ.ಪಿ.ಎಲ್. ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟರು. ಹೀಗೆ ಒಳಗಿನ ಬರಹವನ್ನೂ ತೆರೆದಿಟ್ಟ ಸಾಫ್ಟ್‌ವೇರಿಗೆ ಓಪನ್ ಸೋರ್ಸ್ ಅನ್ನುತ್ತಾರೆ. ಕೋಹಾ ಅನ್ನುವುದು ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಮಾತು. ಉಡುಗೊರೆ ಅಂತ ಅರ್ಥ, ಆದರೆ ಬರೀ ಉಡುಗೊರೆ ಅಲ್ಲ, ತೆಗೆದುಕೊಂಡವರು ಯಾವತ್ತಾದರೂ ತಿರುಗಿ ಕೊಡಬೇಕಾದ್ದು. ಇದನ್ನು ಓದಿ ನನಗೆ ನಗು ಬಂತು. ಇದು ನಮ್ಮ ಮುಯ್ಯಿ ಅಲ್ವಾ! ಮದುವೆ ಮನೆಯಲ್ಲಿ ಪಟ್ಟಿ ಹಿಡಿದು ಕೂತವರ ಹತ್ತಿರ ಬರೆಸುತ್ತೇವಲ್ಲ, ಅವರ ಮನೆ ಮದುವೆ ಬಂದಾಗ ಪಟ್ಟಿ ತೆಗೆದು ನೋಡಿ ವಾಪಸ್ ಹಾಕುತ್ತೇವಲ್ಲ, ಅದೇ.

ಇನ್ನೊಂದು ವಿಷಯ. 2011ರಲ್ಲಿ ಅಮೆರಿಕದ ಒಂದು ಕಂಪನಿ ಕೋಹಾ ಅನ್ನುವ ಹೆಸರನ್ನೇ ನ್ಯೂಜಿಲೆಂಡಿನಲ್ಲಿ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟಿತ್ತು. ಆ ಸಣ್ಣ ಲೈಬ್ರರಿಯವರು ಸಹಾಯ ಮಾಡಿ ಅಂತ ಕೇಳಿದರು. ಯಾವ ಯಾವುದೋ ದೇಶದ ಗ್ರಂಥಪಾಲಕರು ಕೈಯಿಂದ ದುಡ್ಡು ಹಾಕಿ ಜೊತೆಗೆ ನಿಂತರು. ಹೆಸರು ಉಳಿಯಿತು. ಮುಯ್ಯಿ ಅಂದರೆ ಹಾಗಿರಬೇಕು.

ಕೆಲಸದ ಮಟ್ಟಿಗೆ ಹೇಳುವುದಾದರೆ ಕೋಹಾ ಬ್ರೌಸರಿನಲ್ಲೇ ತೆರೆಯುತ್ತದೆ. ಸರ್ವರ್ ಒಂದು ಇದ್ದರೆ ಆಯಿತು, ಉಳಿದ ಕಂಪ್ಯೂಟರಿನಲ್ಲಿ ಏನು ಇದ್ದರೂ ನಡೆಯುತ್ತದೆ. ಇಶ್ಯೂ, ರಿಟರ್ನ್, ಬಾರ್‌ಕೋಡ್, ದಂಡದ ಲೆಕ್ಕ ಎಲ್ಲ ಇದೆ. ಓದುಗರು ಮನೆಯಲ್ಲೇ ಕೂತು ಹುಡುಕಲು ಓಪ್ಯಾಕ್ ಪುಟ ಇದೆ, ಇಂಟರ್‌ನೆಟ್ಟಿಗೆ ಬಿಟ್ಟರೆ. ಮುಖ್ಯವಾದದ್ದು, ನಮ್ಮ ಪಟ್ಟಿಯನ್ನು ಮಾರ್ಕ್ ಅನ್ನುವ ರೂಪದಲ್ಲಿ ಯಾವಾಗ ಬೇಕಾದರೂ ಹೊರಗೆ ತೆಗೆಯಬಹುದು. ಜಗತ್ತಿನ ಲೈಬ್ರರಿಗಳು 1960ರ ದಶಕದಿಂದ ಬಳಸುತ್ತಿರುವ ರೂಪ ಅದು. ನಾಳೆ ಕೋಹಾ ಬೇಡ ಅನ್ನಿಸಿದರೆ ಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗಬಹುದು. ನನಗೆ ಬೇಕಾಗಿದ್ದದ್ದು ಇಷ್ಟೇ.

ಇಂಗ್ಲಿಷ್ ಪುಸ್ತಕಗಳ ಕೆಲಸ ನೀರು ಕುಡಿದಷ್ಟು ಸಲೀಸು. ಹಿಂಬದಿಯ ಐ.ಎಸ್.ಬಿ.ಎನ್. ನಂಬರ್ ಹೊಡೆದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ಕಡೆಯಿಂದ ಪೂರ್ತಿ ವಿವರ ಬಂದು ಕೂರುತ್ತದೆ. ಕನ್ನಡ ಪುಸ್ತಕದ ಪಾಡು ಬೇರೆ. ಅಮೆರಿಕದವರು ಕನ್ನಡ ಪುಸ್ತಕಗಳನ್ನೂ ತರಿಸಿ ಇಟ್ಟಿದ್ದಾರೆ, ದೆಹಲಿಯಲ್ಲಿ ಅದಕ್ಕೊಂದು ಕಚೇರಿಯೇ ಇದೆ. ಆದರೆ ನಮಗೆ ಸಿಕ್ಕಿದ ವಿವರ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ, ಮೇಲೊಂದು ಗೆರೆ ಕೆಳಗೊಂದು ಚುಕ್ಕಿ ಇಟ್ಟು ಬರೆದದ್ದು. ಮಂಡ್ಯದ ಅಂಗಡಿಯಲ್ಲಿ ಕೊಂಡ ಪುಸ್ತಕದ ಹೆಸರನ್ನು ವಾಷಿಂಗ್ಟನ್ನಿನಿಂದ ಇಳಿಸಿಕೊಂಡು, ಅದನ್ನು ಮತ್ತೆ ಕನ್ನಡಕ್ಕೆ ತಿದ್ದುವುದು! ಅದಕ್ಕಿಂತ ನೇರ ಟೈಪ್ ಮಾಡುವುದೇ ಮೇಲು ಅಂತ ಬಿಟ್ಟೆವು. ಈ ಸಲ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಹೊಡೆದೆವು, ಹಾಗಾಗಿ ಫಾಂಟ್ ಹಂಗಿಲ್ಲ, ಪಟ್ಟಿಯೂ ಅಕಾರಾದಿಯಲ್ಲಿ ಸರಿಯಾಗಿ ಬರುತ್ತದೆ.

ಹಾಗಂತ ತೊಡಕು ಇಲ್ಲ ಅಂತಲ್ಲ. ಒಬ್ಬ ಹುಡುಗಿ ಓಪ್ಯಾಕ್‌ನಲ್ಲಿ ಕುವೆಂಪು ಅಂತ ಹುಡುಕಿದಳು, ಒಂದಷ್ಟು ಪುಸ್ತಕ ಬಂತು. ತಪ್ಪಿ ಪುಟ್ಟಪ್ಪ ಅಂತ ಹೊಡೆದರೆ ಬೇರೆ ಒಂದಷ್ಟು ಬಂತು. ಒಬ್ಬರೇ ಲೇಖಕರು, ನಮ್ಮಲ್ಲಿ ಒಬ್ಬ ಸಹಾಯಕ ಕುವೆಂಪು ಅಂತ ಹಾಕಿದ್ದ, ಇನ್ನೊಬ್ಬ ಕೆ.ವಿ. ಪುಟ್ಟಪ್ಪ ಅಂತ. ಇದಕ್ಕೆ ಕೋಹಾದಲ್ಲಿ ಅಥಾರಿಟಿ ಫೈಲ್ ಅಂತ ವ್ಯವಸ್ಥೆ ಇದೆ, ಎರಡು ಹೆಸರನ್ನೂ ಒಂದಕ್ಕೆ ಗಂಟು ಹಾಕಬಹುದು, ಆದರೆ ಕನ್ನಡ ಲೇಖಕರಿಗೆಲ್ಲ ಅದನ್ನು ಕೂತು ಮಾಡಬೇಕು. ಕಾವ್ಯನಾಮ ಇಲ್ಲದ ಕನ್ನಡ ಲೇಖಕರು ಎಷ್ಟು ಜನ ಇದ್ದಾರೆ ಹೇಳಿ! ಈ ಕೆಲಸವನ್ನು ಒಂದು ಲೈಬ್ರರಿ ಮಾಡಿಟ್ಟರೆ ಎಲ್ಲರೂ ಎತ್ತಿಕೊಳ್ಳಬಹುದು. ಈಗ ನೂರು ಕಡೆ ನೂರು ಜನ ಅದನ್ನೇ ಮಾಡುತ್ತಿದ್ದೇವೆ, ಇಲ್ಲವೇ ಯಾರೂ ಮಾಡುತ್ತಿಲ್ಲ.

ಆಡಿಟ್ ಕಥೆ ಹೇಳದೆ ಬಿಡಲಾರೆ. ಆಡಿಟ್‌ಗೆ ಬಂದವರು ಸಾಫ್ಟ್‌ವೇರಿನ ಬಿಲ್ ಎಲ್ಲಿ ಅಂದರು. ಬಿಲ್ ಇಲ್ಲ ಸರ್ ಅಂದೆ. ಬಿಲ್ ಇಲ್ಲದೆ ಹೇಗೆ ಬಂತು? ಇಳಿಸಿಕೊಂಡದ್ದು ಸರ್. ಹಾಗಾದರೆ ಪೈರಸಿ ಅಲ್ಲವೇನ್ರೀ? ಅರ್ಧ ಗಂಟೆ ಜಿ.ಪಿ.ಎಲ್. ಪಾಠ ಮಾಡಿದೆ. ಕೊನೆಗೆ ಸ್ಟಾಕ್ ರಿಜಿಸ್ಟರಿನಲ್ಲಿ ದಾನವಾಗಿ ಬಂದದ್ದು, ಬೆಲೆ ಸೊನ್ನೆ ಅಂತ ಬರೆದು ಸಹಿ ಹಾಕಿಸಿಕೊಂಡು ಹೋದರು. ನಗಬೇಡಿ, ನಮ್ಮ ಕಚೇರಿಗಳಲ್ಲಿ ಓಪನ್ ಸೋರ್ಸ್ ಒಳಗೆ ಬರದಿರುವುದಕ್ಕೆ ಅರ್ಧ ಕಾರಣ ಇದೇ. ಖರೀದಿಗೆ ಕಾಲಂ ಇದೆ, ಪುಕ್ಕಟೆ ಬಂದದ್ದಕ್ಕೆ ಕಾಲಂ ಇಲ್ಲ.

ಪುಕ್ಕಟೆ ಅಂದೆನಲ್ಲ, ಅಲ್ಲೂ ಒಂದು ಮಾತು. ಕೇಂದ್ರ ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಎನ್.ಐ.ಸಿ.ಯವರ ಇ-ಗ್ರಂಥಾಲಯ ಅನ್ನುವ ಸಾಫ್ಟ್‌ವೇರ್ ಸರ್ಕಾರಿ ಲೈಬ್ರರಿಗಳಿಗೆ ಪುಕ್ಕಟೆಯೇ. ಕೆಟ್ಟದ್ದು ಅನ್ನುವುದಿಲ್ಲ. ಆದರೆ ಪುಕ್ಕಟೆ ಬೇರೆ, ಓಪನ್ ಸೋರ್ಸ್ ಬೇರೆ. ಒಂದರಲ್ಲಿ ಊಟ ಹಾಕುತ್ತಾರೆ, ಇನ್ನೊಂದರಲ್ಲಿ ಅಡುಗೆ ಮನೆಯ ಬಾಗಿಲನ್ನೂ ತೆಗೆದಿಡುತ್ತಾರೆ. ಹೈದರಾಬಾದಿನಲ್ಲಿ ಹುಟ್ಟಿದ ನ್ಯೂಜೆನ್‌ಲಿಬ್ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಕೂಡ 2008ರಲ್ಲಿ ಓಪನ್ ಸೋರ್ಸ್ ಆಯಿತು, ಅಂದರೆ ಇದು ಬರೀ ಹೊರದೇಶದವರ ಹುಚ್ಚು ಅಲ್ಲ.

ಇನ್ನು ಖರ್ಚು. ಲೈಸೆನ್ಸಿಗೆ ದುಡ್ಡಿಲ್ಲ ಅಷ್ಟೇ, ಉಳಿದದ್ದಕ್ಕೆಲ್ಲ ಇದೆ. ಸರ್ವರ್ ಬೇಕು, ಯು.ಪಿ.ಎಸ್. ಬೇಕು, ಬ್ಯಾಕಪ್ ಬೇರೆ ಕಟ್ಟಡದಲ್ಲಿ ಇಡಬೇಕು (ಸಿಡಿಲು ಹೊಡೆಸಿಕೊಂಡವನ ಮಾತು ಇದು), ಎಲ್ಲಕ್ಕಿಂತ ಜಾಸ್ತಿ ಲಿನಕ್ಸ್ ಗೊತ್ತಿರುವ ಒಬ್ಬ ಮನುಷ್ಯ ಬೇಕು. ನಮ್ಮ ಆ ಹುಡುಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದ ಮೇಲೆ ಒಂದು ಸಲ ಅಪ್‌ಗ್ರೇಡ್ ಮಾಡಲು ಹೋಗಿ ನಾನು ಎರಡು ದಿನ ಲೈಬ್ರರಿ ನಿಲ್ಲಿಸಿದ್ದೆ. ಕೈ ನಡುಗುತ್ತಿತ್ತು. ಅದಕ್ಕೇ ಹೇಳುವುದು, ಸಾಫ್ಟ್‌ವೇರಿಗೆ ಸುರಿಯುವ ದುಡ್ಡನ್ನು ಜಿಲ್ಲೆಗೆ ಒಬ್ಬಿಬ್ಬರು ಟೆಕ್ನಿಷಿಯನ್‌ಗಳ ಸಂಬಳಕ್ಕೆ ಹಾಕಲಿ. ದುಡ್ಡು ಎಲ್ಲಿಂದ ಅಂತ ಕೇಳಬೇಡಿ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ, ಇರುತ್ತದೆ.

ಪ್ರತಿ ಲೈಬ್ರರಿಗೂ ಬೇರೆ ಬೇರೆ ಸರ್ವರ್ ಕೂಡ ಬೇಕಿಲ್ಲ. ಕೋಹಾದಲ್ಲಿ ಒಂದೇ ಕಡೆ ಎಷ್ಟು ಶಾಖೆ ಬೇಕಾದರೂ ಸೇರಿಸಬಹುದು. ಅಮೆರಿಕದ ಜಾರ್ಜಿಯಾ ರಾಜ್ಯದವರು ತಮ್ಮ ನೂರಾರು ಸಾರ್ವಜನಿಕ ಗ್ರಂಥಾಲಯಗಳನ್ನು ಒಂದೇ ಸಾಫ್ಟ್‌ವೇರಿನಲ್ಲಿ ಕಟ್ಟಲು ಹೊರಟು, ಅಂಗಡಿಯಲ್ಲಿ ಸಿಗುವ ಯಾವುದೂ ಸರಿ ಹೋಗದೆ ತಾವೇ ಎವರ್‌ಗ್ರೀನ್ ಅನ್ನುವುದನ್ನು ಬರೆದು 2006ರಲ್ಲಿ ಶುರು ಮಾಡಿದರು. ಅದೂ ಓಪನ್ ಸೋರ್ಸೇ. ಮಂಡ್ಯ ಜಿಲ್ಲೆಗೆ ಹಾಗೆ ಒಂದು ಇದ್ದರೆ ಮದ್ದೂರಿನಲ್ಲಿ ಇಲ್ಲದ ಪುಸ್ತಕ ಶ್ರೀರಂಗಪಟ್ಟಣದಲ್ಲಿದೆ ಅಂತ ಮೊಬೈಲಿನಲ್ಲೇ ಗೊತ್ತಾಗುತ್ತದೆ. ಪರೀಕ್ಷೆಗೆ ಓದುವ ಹುಡುಗರು ಒಂದು ಪುಸ್ತಕಕ್ಕೆ ಮೂರು ಊರು ಬಸ್ಸಿನಲ್ಲಿ ಸುತ್ತುವುದು ತಪ್ಪುತ್ತದೆ. ಹಳ್ಳಿಯ ಅರಿವು ಕೇಂದ್ರಗಳಲ್ಲಿ, ಅಂದರೆ ಪಂಚಾಯಿತಿ ಲೈಬ್ರರಿಗಳಲ್ಲಿ, ಒಬ್ಬರೇ ಬಾಗಿಲು ತೆಗೆದು, ಒಬ್ಬರೇ ಕಸ ಗುಡಿಸಿ, ಒಬ್ಬರೇ ರಿಜಿಸ್ಟರ್ ಬರೆಯುವವರು. ಅವರ ತಲೆ ಮೇಲೆ ಸರ್ವರ್ ಕೂರಿಸುವುದು ಅನ್ಯಾಯ. ಅವರಿಗೆ ಬ್ರೌಸರ್ ಒಂದು ಸಾಕು, ಉಳಿದದ್ದು ಜಿಲ್ಲಾ ಕೇಂದ್ರದಲ್ಲಿರಲಿ.

ಮುಯ್ಯಿಯ ವಿಷಯಕ್ಕೆ ಬರುತ್ತೇನೆ. ಕೋಹಾದ ಪರದೆಯ ಮೇಲಿನ ಮಾತುಗಳನ್ನು ಯಾವ ಭಾಷೆಗೆ ಬೇಕಾದರೂ ಅನುವಾದ ಮಾಡಬಹುದು, ಮನೆಯಲ್ಲಿ ಕೂತೇ ಮಾಡಬಹುದು. ಮಾನಸಗಂಗೋತ್ರಿಯಲ್ಲಿ ಗ್ರಂಥಾಲಯ ವಿಜ್ಞಾನ ಓದುವ ಮಕ್ಕಳಿಗೆ ಪ್ರಾಜೆಕ್ಟ್ ಅಂತ ಇರುತ್ತದಲ್ಲ. ಅದರಲ್ಲಿ ಒಬ್ಬೊಬ್ಬರು ಐವತ್ತು ಕನ್ನಡ ಲೇಖಕರ ಅಥಾರಿಟಿ ದಾಖಲೆ ಮಾಡಲಿ, ಸ್ವಲ್ಪ ಸ್ವಲ್ಪ ಅನುವಾದ ಮಾಡಲಿ, ಮಾಡಿದ್ದನ್ನು ಬೀರುವಿನಲ್ಲಿಡದೆ ಎಲ್ಲರಿಗೂ ಬಿಡಲಿ. ಪಾಂಡವಪುರದ ಹತ್ತಿರ ಹರಳಹಳ್ಳಿಯ ಪುಸ್ತಕ ಮನೆಯಲ್ಲಿ ಲಕ್ಷಗಟ್ಟಲೆ ಪುಸ್ತಕ ಇವೆ. ಅಂಥ ಕಡೆ ಹೋಗಿ ಒಂದು ವಾರ ಕೂತು ದಾಖಲೆ ಮಾಡಿದರೆ ತರಗತಿಯಲ್ಲಿ ಒಂದು ವರ್ಷ ಕಲಿಯುವುದನ್ನು ಅಲ್ಲಿ ಕಲಿಯುತ್ತಾರೆ. ನಾವು ಇಷ್ಟು ವರ್ಷ ನ್ಯೂಜಿಲೆಂಡಿನವರ ಮುಯ್ಯಿ ತಿಂದಿದ್ದೇವೆ, ಪಟ್ಟಿಯಲ್ಲಿ ನಮ್ಮ ಹೆಸರು ಬಾಕಿ ಇದೆ.

ಸಾಫ್ಟ್‌ವೇರ್ ಕೊಳ್ಳಲು ಹೊರಟಿರುವ ಕಾಲೇಜಿನವರು, ಲೈಬ್ರರಿಯವರು ಸಹಿ ಹಾಕುವ ಮುಂಚೆ ಮಾರಲು ಬಂದವರ ಹತ್ತಿರ ಒಂದು ಮಾತು ಕೇಳಿ ಸಾಕು: 'ನಮ್ಮ ಡೇಟಾ ಪೂರ್ತಿ ಈಗಲೇ, ನಮ್ಮ ಕಣ್ಣೆದುರಿಗೆ, ಒಂದು ಪೆನ್‌ಡ್ರೈವ್‌ಗೆ ಹಾಕಿ ತೋರಿಸಿ.' ಅವರು ತಲೆ ಕೆರೆದುಕೊಂಡರೆ ಕಾಫಿ ಕುಡಿಸಿ ಕಳಿಸಿಬಿಡಿ. ಕೋಹಾ ಹಾಕಿಕೊಳ್ಳಲು ಮನಸ್ಸಿದ್ದು ಹೇಗೆ ಅಂತ ಗೊತ್ತಾಗದವರು ಈ ಪತ್ರಿಕೆಯ ಮೂಲಕ ತಿಳಿಸಿದರೆ ಮಂಡ್ಯ, ಮದ್ದೂರು ಕಡೆಗೆ ಬೆಳಗಿನ ರೈಲಿಗೆ ಬರುತ್ತೇನೆ. ಮಧ್ಯಾಹ್ನ ಮುದ್ದೆ ಊಟ ಹಾಕಿಸಿ, ಸಾಕು. ಅಪ್‌ಗ್ರೇಡ್ ಮಾತ್ರ ನನ್ನ ಕೈಲಿ ಮಾಡಿಸಬೇಡಿ.

ಇಂತಿ,
ಒಬ್ಬ ನಿವೃತ್ತ ಗ್ರಂಥಪಾಲಕ
ಕುವೆಂಪುನಗರ, ಮೈಸೂರು