ಆರಿದ್ರಾ ಮಳೆ ಹಿಡಿಯುವ ಮುನ್ನ

ಶಿವಮೊಗ್ಗ
ಜೂನ್ 12

ಚಿ. ಸೌ. ಸುಮಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಮಳೆಗಾಲಕ್ಕೆ ಸಾಮಾನು ಕೂಡಿಡುವ ಬಗ್ಗೆ ಭಾನುವಾರ ಜಗಲಿಯಲ್ಲಿ ನಡೆದ ಮಾತು ಇಬ್ಬರಿಗೂ ನೆನಪಿರುವುದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ. ನನ್ನ ದನಿ ಏರಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಹಾಗೆಂದು ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದೂ ತಿಳಿಯಬೇಡ. ನೀನು ಬೇಡವೆಂದು ಬಿಟ್ಟುಹೋದ ಆ ಸಾಮಾನಿನ ರಟ್ಟಿನ ಪೆಟ್ಟಿಗೆಯನ್ನು ಗುರುವಾರ ಬೆಳಗಿನ ಬಸ್ಸಿನಲ್ಲಿ ಕಳುಹಿಸುತ್ತಿದ್ದೇನೆ.

ಅಂಗಡಿ ಹತ್ತಿರವೇ ಇದೆ, ಬೇಕಾದಾಗ ತಂದರಾಯಿತು ಎಂಬುದು ನಿನ್ನ ವಾದ. ಆದರೆ ನೀನೀಗ ಇರುವ ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಮಾಸ್ತಿಕಟ್ಟೆ, ಯಡೂರುಗಳ ಮಳೆ ಶಿವಮೊಗ್ಗದ ಮಳೆಯಲ್ಲ. ಲೈನ್‌ಮ್ಯಾನ್ ಆಗಿ ಆ ಸೀಮೆಯ ಕಾಡಿನಲ್ಲಿ ಓಡಾಡಿದವನು ನಾನು. ನೆಲ ನೆನೆದು ಬೇರಿನ ಹಿಡಿತ ಸಡಿಲವಾದ ಮೇಲೆ ಒಂದು ಗಾಳಿಗೆ ಮರ ಉರುಳಿ 11 ಕೆ.ವಿ. ವಿದ್ಯುತ್ ಲೈನಿನ ಮೇಲೆ ಬೀಳುತ್ತದೆ. ಎಲ್ಲಿ ಬಿದ್ದಿದೆ ಎಂದು ತಿಳಿಯಲು ಲೈನಿನ ಜಾಡು ಹಿಡಿದು ನಡೆದೇ ಹೋಗಬೇಕು. ಅಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಇನ್ನೊಂದು ಮರ ಬಿದ್ದು ಜೀಪು ನಿಂತಿರುತ್ತದೆ. ಶರಾವತಿ, ವಾರಾಹಿಗಳ ನೀರಿನಿಂದ ನಾಡಿಗೆಲ್ಲ ವಿದ್ಯುತ್ ಹೋಗುವ ತಾಲ್ಲೂಕಿನಲ್ಲಿಯೇ ದೀಪವಿಲ್ಲದೆ ಮೂರು ನಾಲ್ಕು ದಿನ ಕಳೆಯಬೇಕಾಗುವುದು ಹೀಗೆ. ಟವರಿನ ಬ್ಯಾಟರಿ, ಡೀಸೆಲ್ ತೀರಿದ ಮೇಲೆ ಫೋನೂ ಇಲ್ಲ, ಫೋನಿನಲ್ಲಿ ದುಡ್ಡು ಕೊಡುವುದೂ ಇಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನೀನೇ ಕಂಡಿದ್ದೀಯೆ.

ನೀನು ಕಾಣದಿರುವುದು ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಒಂದು ಪುನರ್ವಸು ಮಳೆಯನ್ನು. ನನ್ನ ಅಮ್ಮ ಹೆತ್ತು ವಾರವಾಗಿರಲಿಲ್ಲ. ಅಪ್ಪ ಪೇಟೆಗೆ ಹೋದವರು ಹೊಳೆ ತುಂಬಿ ಅಲ್ಲಿಯೇ ಉಳಿದಿದ್ದರು. ರಾತ್ರಿ ಹೆಂಚು ಜಾರಿ ನೀರು ನೇರವಾಗಿ ಒಲೆಗೆ ಸುರಿಯಿತು, ಬೂದಿಯೊಳಗೆ ಮುಚ್ಚಿಟ್ಟಿದ್ದ ಕೆಂಡ ಆರಿತು. ಗೋಡೆಯ ಗೂಡಿನಲ್ಲಿದ್ದುದು ಒಂದೇ ಬೆಂಕಿಪೊಟ್ಟಣ. ಅಮ್ಮ ಕಡ್ಡಿಗಳನ್ನು ಸೆರಗಿನಲ್ಲಿ ಒರೆಸಿ, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ, ಒಂದೊಂದಾಗಿ ಗೀರಿದಳು. ಮದ್ದು ಹಸಿ ಹಿಟ್ಟಿನಂತೆ ಪೊಟ್ಟಣಕ್ಕೆ ಮೆತ್ತಿಕೊಳ್ಳುತ್ತಿತ್ತು. ಬೆಳಗಾದ ಮೇಲೆ ಕೆಂಡ ತರಲು ನನ್ನನ್ನು ತೆಂಗಿನ ಗೆರಟೆ ಕೊಟ್ಟು ಆಚೆ ಮನೆಗೆ ಕಳುಹಿಸಿದಳು. ಹೋಗಿ ನೋಡಿದರೆ ಹಳ್ಳ ದಾಟುವ ಸಂಕವೇ ಇರಲಿಲ್ಲ. ಆಚೆ ದಡದಲ್ಲಿ ಅವರ ಮನೆಯ ಹೊಗೆ ಕಾಣುತ್ತಿತ್ತು, ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಕಣಜದ ತುಂಬ ಭತ್ತ, ಅಟ್ಟದ ಮೇಲೆ ಬೆಲ್ಲ, ಕೊಟ್ಟಿಗೆಯಲ್ಲಿ ಒಣ ಕಟ್ಟಿಗೆಯ ರಾಶಿ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಎಲ್ಲವೂ ಇದ್ದ ಮನೆಯಲ್ಲಿ ಕೂಸಿಗೆ ಮೀಯಿಸಲು, ಬಾಣಂತಿಗೆ ಕುಡಿಸಲು ಒಂದು ಚೊಂಬು ಬಿಸಿನೀರು ಇರಲಿಲ್ಲ. ಕೂಸಿನ ಅಂಗಾಲು ತಣ್ಣಗಾಗಿದ್ದುದನ್ನು ನಾನು ಮುಟ್ಟಿ ನೋಡಿದ್ದೇನೆ. ಆ ಕೂಸು ಉಳಿಯಿತು, ಈಗ ನಮಗೆಲ್ಲ ಬುದ್ಧಿ ಹೇಳುವ ನಿನ್ನ ಚಿಕ್ಕತ್ತೆ ಅವಳೇ. ಆದರೂ ಮಳೆಗಾಲದಲ್ಲಿ ಬೆಂಕಿಪೊಟ್ಟಣ ಕೈಗೆ ತಣ್ಣಗೆ ತಾಗಿದರೆ ಈ ವಯಸ್ಸಿನಲ್ಲಿಯೂ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಆದ್ದರಿಂದ ನಾನು ಹೇಳುತ್ತಿರುವುದು ರಾಶಿ ಹಾಕುವ ಮಾತಲ್ಲ. ಮೂಟೆಗಟ್ಟಲೆ ತಂದರೆ ಆ ಥಂಡಿಗೆ ಹುಳವೂ ಬೂಷ್ಟೂ ಬರುತ್ತವೆ. ಯಾವ ವಸ್ತು ಯಾವುದನ್ನು ನೆಚ್ಚಿಕೊಂಡಿದೆ ಎಂದು ನೋಡಬೇಕು. ಅಕ್ಕಿಯಿದ್ದರೆ ಗ್ಯಾಸ್ ಬೇಕು; ಒಂದೇ ಸಿಲಿಂಡರ್ ಇಟ್ಟುಕೊಂಡು ಕುಳಿತಿರುವೆ, ಎರಡನೆಯದಕ್ಕೆ ಈಗಲೇ ಅರ್ಜಿ ಹಾಕು. ಟಾರ್ಚಿದ್ದರೆ ಸೆಲ್ ಬೇಕು, ಅದನ್ನು ಟಾರ್ಚಿನೊಳಗೆ ಬಿಡದೆ ಬೇರೆ ಇಡು, ಇಲ್ಲವಾದರೆ ಸೋರಿ ಟಾರ್ಚೂ ಹಾಳಾಗುತ್ತದೆ. ಕರೆಂಟ್ ಇಲ್ಲದಿದ್ದರೆ ಮೋಟಾರು ತಿರುಗುವುದಿಲ್ಲ. ಹೊರಗೆ ಜಡಿಮಳೆ, ಒಳಗೆ ಕುಡಿಯಲು ನೀರಿಲ್ಲ ಎಂಬಂತಾಗುತ್ತದೆ. ಬಾವಿಯ ರಾಟೆಗೆ ಹೊಸ ಹಗ್ಗ ಹಾಕಿಸು, ಬಗ್ಗಡದ ನೀರನ್ನು ಸೋಸಿ, ಚೆನ್ನಾಗಿ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸು. ಭೇದಿಯಾದಾಗ ಕುಡಿಸುವ ಓಆರ್‌ಎಸ್ ಪೊಟ್ಟಣವನ್ನು ಲೋಟದ ಅಂದಾಜಿನಲ್ಲಿ ಕಲಸಬೇಡ, ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕು. ಬೆಂಕಿಪೊಟ್ಟಣಗಳನ್ನು ಬಿಗಿ ಮುಚ್ಚಳದ ಗಾಜಿನ ಶೀಷೆಯಲ್ಲಿ ಇಟ್ಟಿದ್ದೇನೆ, ಹೊರಗೆ ತೆಗೆದಿಡಬೇಡ. ಚಳಿಯೆಂದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಎಂದಿಗೂ ಇಟ್ಟುಕೊಳ್ಳಬೇಡ. ಅದರ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ತಂತಿ ತುಂಡಾಗಿ ಬಿದ್ದಿದ್ದರೆ ಊರಿಗೆಲ್ಲ ಕರೆಂಟ್ ಹೋಗಿದ್ದರೂ ಹತ್ತಿರ ಸುಳಿಯಬೇಡ, ಶಾಲೆಯ ಮಕ್ಕಳಿಗೂ ಹೇಳಿಕೊಡು, ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸು.

ಪಾಠ ಮಾಡುವುದಿಲ್ಲವೆಂದು ನಿನ್ನ ಅಮ್ಮನಿಗೆ ಮಾತು ಕೊಟ್ಟು ಬರೆಯಲು ಕುಳಿತಿದ್ದೆ. ಅವಳು ಈಗ ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ. ಪೇಟೆಯ ಶಾಲೆ ಸಿಗುವಂತಿದ್ದರೂ ಮೇಷ್ಟರು ನಿಲ್ಲದ ಆ ಶಾಲೆಯನ್ನು ನೀನೇ ಆರಿಸಿಕೊಂಡದ್ದನ್ನು ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನ್ನೆದುರು ಮಾತ್ರ ಹೇಳಲು ಬಾಯಿ ಬರಲಿಲ್ಲ. ಅಳಿಯಂದಿರು ಬೆಂಗಳೂರಿನಲ್ಲಿ, ನೀನು ಮೂರು ವರ್ಷದ ಪುಟ್ಟುವಿನೊಡನೆ ಆ ಕಾಡಿನಲ್ಲಿ ಎಂದು ನೆನೆದರೆ ಹೆಮ್ಮೆ ಬಹಳ ಹೊತ್ತು ನಿಲ್ಲುವುದಿಲ್ಲ, ಅಷ್ಟೇ.

ಪುಟ್ಟುವಿನ ಜ್ವರದ ಔಷಧದ ಹೆಸರನ್ನೂ ಡಾಕ್ಟರು ಅವನ ತೂಕಕ್ಕೆ ಹೇಳಿದ ಅಳತೆಯನ್ನೂ ಬುಧವಾರ ಸಂಜೆಯೊಳಗೆ ತಿಳಿಸು. ತಿಂಗಳು ಕಳೆದು ಅವಧಿ ಮುಗಿಯುವ ಬಾಟಲಿ ಕೊಡದಂತೆ ಅಂಗಡಿಯಲ್ಲಿ ನಿಂತು ನೋಡಿ ತರುತ್ತೇನೆ. ಬಸ್ಸು ಏಳೂವರೆಗೆ ಹೊರಡುತ್ತದೆ.

ನಿನ್ನ
ಅಪ್ಪ